ಬೇಸಿಗೆಗೆ ಉಳಿದ ವಿದ್ಯೆ

ಕಲಿಸಿದ್ದು ಕಲಿಸಿದವರಲ್ಲಿ ಉಳಿಯುವುದಿಲ್ಲವಲ್ಲ. ಮಾಸ್ತರರೆಲ್ಲ ಖಾಲಿಯಾಗಿ ಶಾಲೆಗಳು ಮುಚ್ಚಿದ ಮೇಲೆ ಮಕ್ಕಳಿಗೆ ಮನೆಯೇ ಶಾಲೆ. ಯುಗಾದಿಯ ಮರುದಿನ ಹುಬ್ಬಳ್ಳಿಯ ಮನೆಮನೆಯಲ್ಲೂ ಗಂಡ ಹೆಂಡತಿ ಕುಳಿತು, ಬೇಸಿಗೆಯಲ್ಲಿ ಯಾರು ಏನನ್ನು ಬಿಟ್ಟುಕೊಡಬೇಕೆಂದು ಜಗಳಾಡುತ್ತಾರೆ.

“ಈ ಸಲ ಈಜು ನೀವು ಕಲಸ್ರಿ,” ಎಂದಳು ನೀಲಗಂಗಾ.

ವೀರೇಶ ಪೇಪರಿನಿಂದ ಕಣ್ಣೆತ್ತಲಿಲ್ಲ. “ಹುಚ್ಚ ಹಿಡದೈತೇನ? ದಿನಾ ಮುಂಜಾನೆ ನಾ ಈಜಬೇಕು. ನೀ ಹೊಲಿಗಿ ಕಲಸು.”

“ಹೊಲಿಗಿ ಹ್ವಾದ ವರ್ಷನ ಕೊಟ್ಟೀನಿ. ಓದೂದು, ಮಗ್ಗಿ, ಅಡಿಗಿ ಎಲ್ಲಾ ನಂದ ಹೋತು. ಬಸ್ಸಿನ ಬೋರ್ಡ್ ಓದಾಕ ಮಗಳನ್ನ ಕರಕೊಂಡ ಹೋಗ್ತೀನಿ. ನೀವೇನ ಕೊಟ್ಟೀರಿ? ಶಿಳ್ಳಿ ಹೊಡಿಯೂದು!”

“ಅದೇನ ಸಣ್ಣದಾತೇನ? ಈಗ ನನಗ ಶಿಳ್ಳಿ ಹೊಡಿಯಾಕ ಬರೂದಿಲ್ಲ.”

ಅಡುಗೆಮನೆಯಲ್ಲಿ ಒಂಬತ್ತು ವರ್ಷದ ಮಗಳು ಸಂಪದಾ ಸ್ಟೂಲಿನ ಮೇಲೆ ನಿಂತು, ಶಿಳ್ಳೆ ಹೊಡೆಯುತ್ತ ರೊಟ್ಟಿ ಬಡಿಯುತ್ತಿದ್ದಳು.

“ನಿನ್ನ ಹಂತ್ಯಾಕ ಏನರ ಉಳದಿರತೈತಿ, ನೋಡು,” ಎಂದು ವೀರೇಶ ಪುಟ ತಿರುವಿದ.

ನೀಲಗಂಗಾ ಗಂಡನ ಮುಖವನ್ನೇ ನೋಡಿದಳು. “ಉಳದೈತಿ. ಲಗ್ನ ಆದಾಗಿಂದ ನಿಮ್ಮನ್ನ ಸಹಿಸ್ಕೊಂಡ ಬಂದೀನಲ್ಲ, ಆ ವಿದ್ಯಾ ಒಂದು ನಂದ ಇನ್ನೂ ಐತಿ. ಮಗಳೂ ಇದ ಮನ್ಯಾಗ ಇರಾಕಿ, ಅಕಿಗೂ ಬೇಕಾಗತೈತಿ. ಅದನ್ನ ಕಲಸ್ತೀನಿ.”

ಪೇಪರು ಮೆಲ್ಲಗೆ ಕೆಳಗಿಳಿಯಿತು. “ಅಕಿಗೆ ಕಲಿಸಿದ ಮ್ಯಾಲ ನೀ?”

ಅವಳು ಸೆರಗು ಸಿಕ್ಕಿಸಿಕೊಂಡು ಎದ್ದಳು.

“ಆತು, ಆತು. ಈಜು ನಾನ ಕಲಸ್ತೀನಿ!”

ನೀಲಗಂಗಾ ಆಗಲೇ ಅಡುಗೆಮನೆಯತ್ತ ಮುಖ ಮಾಡಿದ್ದಳು.

“ಸಂಪದಾ, ರೊಟ್ಟಿ ಆಮ್ಯಾಲ ಬಡಿಯಾಕಂತಿ. ಬಾ, ನಾ ಕಲಸ್ತೀನಿ, ನಿಮ್ಮಪ್ಪನ ಮುಂದ ಕುಂಡ್ರು.”