ಪೂಜೆಗಿಟ್ಟ ಸ್ಪ್ರಿಂಗ್ ಕಂಪ್ರೆಸರ್

ಬಿಗಿದ ಸ್ಪ್ರಿಂಗಿನ ಎಡಗಡೆಯ ಕೊಕ್ಕೆ ಕೂದಲೆಳೆಯಷ್ಟು ಜಾರಿದ್ದು ಕಂಡದ್ದೇ ಜಯ ಸ್ಪ್ಯಾನರ್ ಕೆಳಗಿಟ್ಟ. ಕಾರಿನ ಮುಂದಿನ ಶಾಕ್ ಅಬ್ಸಾರ್ಬರ್ ಬದಲಿಸಬೇಕಾದರೆ ಮೊದಲು ಸ್ಪ್ರಿಂಗನ್ನು ಕಂಪ್ರೆಸರ್ ಹಾಕಿ ಒತ್ತಿ ಹಿಡಿಯಬೇಕು; ಇಲ್ಲದಿದ್ದರೆ ನಟ್ಟು ಬಿಚ್ಚಿದ ಕೂಡಲೇ ಅದು ಸಿಡಿದು ಹಾರುತ್ತದೆ. ಇಲ್ಲಿ ಅದನ್ನು ಹಿಡಿದಿದ್ದದ್ದು ಹಳೆಯ ಕಂಪ್ರೆಸರಿನ ಥ್ರೆಡ್ ಸವೆದ ಎರಡು ಕೊಕ್ಕೆ, ಒಂದು ಸುತ್ತು ತಂತಿ.

“ಇದರ ನಟ್ಟು ನಾನು ಬಿಚ್ಚುವುದಿಲ್ಲ ಯೋಗೀಶಣ್ಣ. ಹೊಸ ಕಂಪ್ರೆಸರ್ ಉಂಟಲ್ಲ, ಅದನ್ನು ಕೊಡಿ.”

ತೊಕ್ಕೊಟ್ಟಿನ ಆ ಗ್ಯಾರೇಜಿನ ಧಣಿ ಯೋಗೀಶ್ ದೇವರ ಪಟದತ್ತ ನೋಡಿದ. ಅವನ ತಮ್ಮ ದುಬೈಯಿಂದ ತಂದ ಕಂಪ್ರೆಸರ್ ಪಟದ ಕೆಳಗಿನ ಹಲಗೆಯಲ್ಲಿ, ಆಯುಧಪೂಜೆಯ ಒಣಗಿದ ಹೂ ಹೊತ್ತು, ಎಂಟು ತಿಂಗಳಿಂದ ಕೂತಿತ್ತು. ಕುಂಕುಮದ ಮೇಲೆ ಹಲ್ಲಿಯ ಹಿಕ್ಕೆ ಬಿದ್ದಿತ್ತು.

“ಅದು ಪೂಜೆಗೆ ಇಟ್ಟದ್ದು ಮಾರಾಯ. ಗ್ರೀಸ್ ಕೈಯಲ್ಲಿ ಮುಟ್ಟುವುದಾ? ಬಿಡು, ನಾನೇ ಬಿಚ್ತೇನೆ.”

ಜಯನಿಗೆ ಅವನ ಮುಖ ನೋಡಲೂ ಹೇಸಿಗೆಯಾಯಿತು. ಆದರೂ ನಟ್ಟು ಕೊನೆಯ ಸುತ್ತಿಗೆ ಬಂದು ಕೊಕ್ಕೆ ಮತ್ತೆ ಜಾರಿದಾಗ, ಅವನ ಕಾಲರ್ ಹಿಡಿದು ಹಿಂದಕ್ಕೆಳೆದದ್ದು ಜಯನೇ. ತಂತಿ ಹರಿದು, ಸ್ಪ್ರಿಂಗ್ ಯೋಗೀಶನ ಕಿವಿಯ ಪಕ್ಕದಲ್ಲೇ ಹಾರಿ ಹಲಗೆಗೆ ಬಡಿಯಿತು. ಕಂಪ್ರೆಸರ್ ಧೊಪ್ಪೆಂದು ನೆಲಕ್ಕೆ ಬಿತ್ತು.

ಯೋಗೀಶ್ ಮೆಲ್ಲನೆ ಬಗ್ಗಿ ಕಂಪ್ರೆಸರ್ ಎತ್ತಿದ. ಕೊನೆಗೂ ಬುದ್ಧಿ ಬಂತೆಂದು ಜಯ ಕೈ ಚಾಚಿದ. ಯೋಗೀಶ್ ಅದನ್ನು ತನ್ನ ಅಂಗಿಯಲ್ಲಿ ಒರೆಸಿ, ಕಣ್ಣಿಗೊತ್ತಿಕೊಂಡು, ಪುನಃ ಹಲಗೆಯ ಮೇಲಿಟ್ಟ.

“ದೇವರು ದೊಡ್ಡವ,” ಎಂದ. “ಆ ತಂತಿ ಕೊಡು ಜಯ, ಈ ಸಲ ಎರಡು ಸುತ್ತು ಹಾಕುವ.”