ಹೊಡೆದುಹಾಕಿದ ಅಳತೆ

"ತಗೊಳ್ಳಿ ವಾಸಪ್ಪ, ಈ ಸಲ ನೀವೇ ಹಿಡೀರಿ," ಎಂದು ಸಾಗರದ ಕಾಲೇಜೊಂದರ ಭೌತಶಾಸ್ತ್ರದ ಮೇಷ್ಟ್ರು ಗಣೇಶಮೂರ್ತಿ ಕುದುರೆಲಾಳದಂಥ ಅಯಸ್ಕಾಂತವನ್ನು ಲ್ಯಾಬಿನ ಅಟೆಂಡರನ ಮುಂದೆ ಚಾಚಿದರು. ವಾಸಪ್ಪ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

ಮೇಜಿನ ಮೇಲೆ ವಿದೇಶದ ವಿಜ್ಞಾನ ಪತ್ರಿಕೆ ತೆರೆದಿತ್ತು. ಅನಿಲ ಹರಿಯುವ ಲೇಸರಿನಲ್ಲಿ, ವಿದ್ಯುತ್ ಹಾಯ್ದಾಗ ಅನಿಲದೊಳಗೆ ಹೊತ್ತುವ ಬೆಳಕನ್ನು ಆ ಹರಿವು ಪಕ್ಕಕ್ಕೆ ತಳ್ಳದಂತೆ ಅಯಸ್ಕಾಂತದಿಂದ ಹಿಡಿದು ನಿಲ್ಲಿಸಬಹುದೆಂದು ಯಾರೋ ಬರೆದಿದ್ದರು. ಒಂಬತ್ತು ವರ್ಷದ ಹಿಂದೆ, ಎಪ್ಪತ್ತೊಂದನೇ ಇಸವಿಯಲ್ಲಿ, ಅಂಥದೇ ಲೇಸರಿಗೆಂದು ಗಣೇಶಮೂರ್ತಿಯವರೇ ಕಟ್ಟಿದ್ದ ಗಾಜಿನ ಪೆಟ್ಟಿಗೆಯಲ್ಲಿ ಆ ಗುಲಾಬಿ ಬೆಳಕು ಅನಿಲದ ಹರಿವಿಗೆ ಬಾಗಿ ಬಾಗಿ ಆರಿಹೋಗುತ್ತಿತ್ತು. ಒರೆಸಲೆಂದು ತೆಗೆದ ಅಯಸ್ಕಾಂತವನ್ನು ವಾಸಪ್ಪ ಸುಮ್ಮನೆ ಹತ್ತಿರ ಹಿಡಿದ. ಬೆಳಕು ನೆಟ್ಟಗೆ ನಿಂತಿತು. "ನಿನ್ನ ಕೆಲಸ ಒರೆಸೋದು, ಪ್ರಯೋಗಕ್ಕೆ ಕೈ ಹಾಕೋದಲ್ಲ!" ಎಂದು ಗದರಿದ ಮೇಷ್ಟ್ರು, ಆ ಹೊತ್ತಿನ ಅಳತೆಯನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ್ದರು.

"ಅವತ್ತು ನೀವು ಮಾಡಿದ್ದೇ ಸರಿ," ಎಂದರು ಈಗ, ದನಿ ಇಳಿಸಿ.

ಮೇಷ್ಟ್ರು ಬಹುವಚನದಲ್ಲಿ ಮಾತಾಡಿದ್ದೇ ವಾಸಪ್ಪನಿಗೆ ಗಾಬರಿ. "ದೇವ್ರಾಣೆ ಸಾರ್, ಆಮೇಲೆ ನಾನು ಅದನ್ನ ಮುಟ್ಟೇ ಇಲ್ಲ. ಒರೆಸೋದೂ ಬಿಟ್ಟಿದೀನಿ. ಬೇಕಾದ್ರೆ ನೋಡಿ."

ಗಣೇಶಮೂರ್ತಿ ನೋಡಿದರು. ಅವರ ಅಂಗೈ ತುಂಬ ಅಯಸ್ಕಾಂತದ ತುಕ್ಕು ಮೆತ್ತಿಕೊಂಡಿತ್ತು.