ಹಂಚು ಒಪ್ಪಿಸಿದ ಬೆಳಗು

ಕೊಡಬೇಡ ಅಂದರೆ ಹೆಂಡತಿ ರೊಟ್ಟಿ ಹಂಚನ್ನು ಇಟ್ಟುಕೊಳ್ಳುತ್ತಾಳೆ. ಇಟ್ಟುಕೊಂಡರೆ ಒಂದು ದಿನ ಒಲೆಗೂ ಏರಿಸುತ್ತಾಳೆ. ಆಮೇಲೆ? ವೀರಭದ್ರಪ್ಪನ ಯೋಚನೆ ಅಲ್ಲಿಗೇ ಬಂದು ನಿಲ್ಲುತ್ತಿತ್ತು.

ಸಕ್ಕರೆ ಕಾಯಿಲೆ ತಡೆಯಲೆಂದು ಸರಕಾರ ನಿಷೇಧ ಹೇರಿ, ಗದಗಿನ ಅಂಗಡಿಗಳಲ್ಲಿ ಜೋಳ, ಅಕ್ಕಿ ಮಾರುವುದು ನಿಂತು ಆರು ವರ್ಷವಾಗಿತ್ತು. ಕದ್ದು ಮಾರುವವರು ಮಾತ್ರ ಇದ್ದೇ ಇದ್ದರು. ಬೆಳಗ್ಗೆ ಎದ್ದವರೆಲ್ಲ ತಪಾಸಣೆಗೆಂದು ಮನೆಮನೆಯ ಗೋಡೆಗೆ ಹಾಕಿಸಿದ್ದ ನಳಿಕೆಗೆ ಉಸಿರು ಊದುತ್ತಿದ್ದರು. ಮೈ ಕೊಬ್ಬನ್ನು ಉರಿಸುತ್ತಿದ್ದರೆ ಹಸಿರು ದೀಪ ಹತ್ತುತ್ತಿತ್ತು. ಬೆಣ್ಣೆ, ಪನೀರು, ಕೊಬ್ಬರಿ, ಸೊಪ್ಪು ತಿಂದು ಅವನ ಹೆಂಡತಿ ನೀಲವ್ವ ಹದಿನೆಂಟು ಕಿಲೋ ಇಳಿದಿದ್ದಳು. ಸಕ್ಕರೆ ಕಾಯಿಲೆಯಿಂದ ಮಾಯದೆ ಉಳಿದಿದ್ದ ಅವಳ ಕಾಲಿನ ಹುಣ್ಣು ಮಾಯ್ದಿತ್ತು. ಬೆರಳು ಕತ್ತರಿಸಬೇಕು ಎಂದಿದ್ದ ಡಾಕ್ಟರು ಈಗ ಅವಳನ್ನು ಕಂಡರೆ ನಗುತ್ತಿದ್ದರು.

ಇವತ್ತು, ಯಾರೂ ಕದ್ದು ರೊಟ್ಟಿ ಮಾಡದಿರಲೆಂದು, ಹಳೆಯ ಹಂಚುಗಳನ್ನು ಒಯ್ಯಲು ನಗರಸಭೆಯ ಗಾಡಿ ಓಣಿಗೆ ಬಂದಿತ್ತು. ಗಾಡಿಯ ಜೊತೆ ಬಂದ ಹಸೀನಾ ಬಾಗಿಲಲ್ಲಿ ನಿಂತು ನಕ್ಕಳು. “ಏನ್ ಕಾಕಾ, ಬೆಣ್ಣಿ ತಿಂದು ತಿಂದು ಮದುಮಗನಂಗ ಆಗೀರಲ್ಲ! ಇನ್ನೊಂದು ಮದಿವಿ ಮಾಡ್ಸೂಣೇನು?”

“ಮಾಡ್ಸವ್ವಾ. ಇವ್ರಿಗೆ ಬೆಣ್ಣಿ ಕಾಸಿ ಕಾಸಿ ನನಗೂ ಸಾಕಾಗೇತಿ,” ಅಂದಳು ನೀಲವ್ವ. ಆಮೇಲೆ ಹಂಚನ್ನು ಸೊಂಟಕ್ಕೆ ಆನಿಸಿಕೊಂಡು ಗಂಡನತ್ತ ತಿರುಗಿದಳು. “ರೀ, ನಮ್ಮವ್ವ ಕೊಟ್ಟದ್ದಿದು. ಕೊಟ್ಟು ಬಿಡ್ಲೇನು?”

ಅವಳು ಕಾಯುತ್ತಿದ್ದಳು. ಅವನು ಅವಳ ಕಾಲು ನೋಡಿದ. ಐದೂ ಬೆರಳು ಇದ್ದವು.

“ಕೊಡು,” ಅಂದ.

ನೀಲವ್ವ ಹಂಚು ಕೊಟ್ಟು ಒಳಗೆ ಹೋಗಿ ಪನೀರು ಹೆಚ್ಚತೊಡಗಿದಳು.

ಅವಳು ರೊಟ್ಟಿ ಬಡಿಯುವ ಸಪ್ಪಳಕ್ಕೆ ಎಚ್ಚರಾಗುತ್ತಿದ್ದ ಬೆಳಗುಗಳು ತನಗೆ ಈಗಲೂ ಬೇಕೆನಿಸುತ್ತವೆ ಎಂದು ಅವನು ಅವಳಿಗೆ ಎಂದೂ ಹೇಳಲಿಲ್ಲ.